ಮೊದಲು ಬರುವ ಸ್ವರ

ಪಿಯೆಲಿನೆನ್ ಸರೋವರ ಹೆಪ್ಪುಗಟ್ಟಿ ಇಂದಿಗೆ ಹದಿನೇಳು ದಿನ.
ಓರ್ವೊಕ್ಕಿ ಬೂಟಿನಡಿ ಉದ್ದಲಗಿನ ಸ್ಕೇಟು ಬಿಗಿದು
ಕಬ್ಬಿಣದ ಮೊನೆಯ ಕೋಲಿಂದ ಒಮ್ಮೆ ಕುಟ್ಟುತ್ತಾಳೆ,
ಸಂತೆಯಲ್ಲಿ ಮಡಕೆ ಕೊಳ್ಳುವವಳು
ಬೆರಳ ಗೆಣ್ಣಿಂದ ತಟ್ಟಿ ಕಿವಿ ವಾಲಿಸುವಂತೆ.

ದಪ್ಪ ಗಡ್ಡೆ ಮಂದ್ರದಲ್ಲಿ ಗೊಣಗುತ್ತದೆ,
ತೆಳ್ಳಗಾದಷ್ಟೂ ತಾರಕ್ಕೇರುತ್ತದೆ.
‘ಹಾಡು ಇಂಪಾಯಿತೋ, ಹಿಂದಕ್ಕೆ ತಿರುಗು’
ಅಪ್ಪ ಹೇಳಿಕೊಟ್ಟ ಒಂದೇ ಸಂಗೀತಪಾಠ ಅದು.
ಮೀನಿಗೆ ತೂತು ಕೊರೆಯುವವನಿಗೆ ಅಷ್ಟು ಸಾಕಿತ್ತು.

ಮೊಮ್ಮಗಳು ಪಿಹ್ಲಾ, ಒಂಬತ್ತರ ಪೋರಿ, ಕೇಳುತ್ತಾಳೆ:
ಕುಟ್ಟಿದ್ದು ಇಲ್ಲಿ, ಸದ್ದು ಅಲ್ಲಿಗೆ ಹೋಗುವುದು ಹೇಗೆ?
ಏನು ಹೊತ್ತುಕೊಂಡು ಹೋಗುತ್ತದೆ?

ಏನನ್ನೂ ಇಲ್ಲ.
ಸೌನಾದ ಹಲಗೆಯ ಮೇಲೆ ಬೆವರುತ್ತ ಕೂತವರ ಸಾಲಿಗೆ
ಬಾಗಿಲ ಬಳಿ ಒಬ್ಬ ಬಂದು ಸೊಂಟ ತೂರಿಸಿದ ಅನ್ನು.
ಅವನು ಇವಳನ್ನು ಒತ್ತಿದ, ಇವಳು ಪಕ್ಕದವಳನ್ನು,
ಕೊನೆಯ ಮುದುಕನ ಮೊಣಕೈ ಗೋಡೆಗೆ ತಾಗಿತು.
ಯಾರೂ ಎದ್ದು ಹೋಗಲಿಲ್ಲ.
ಒತ್ತಿದವರೆಲ್ಲ ಮತ್ತೆ ತಂತಮ್ಮ ಜಾಗಕ್ಕೇ.
ಗೋಡೆ ಮುಟ್ಟಿದ್ದು ತಳ್ಳು ಮಾತ್ರ.
ಗೋಡೆ ಅದನ್ನು ಇಟ್ಟುಕೊಳ್ಳದೆ ಹಿಂದಕ್ಕೆ ಕೊಟ್ಟರೆ
ಅದಕ್ಕೆ ಮಾರ್ದನಿ ಅನ್ನುತ್ತೇವೆ.

ಆಚೆ ನಡುಗಡ್ಡೆಯಲ್ಲಿ ತೈಸ್ತೊ ಸೌದೆ ಒಡೆಯುತ್ತಿದ್ದಾನೆ.
ಕೊಡಲಿ ಇಳಿಯುತ್ತದೆ, ಕೊರಡು ಮೂಕವಾಗಿ ಸೀಳುತ್ತದೆ,
ಒಂದು, ಎರಡು, ಮೂರು,
ಆಮೇಲೆ ಟಕ್.
ಅದರ ಬೆನ್ನಿಗೇ ಅವನ ಬೈಗುಳ, ಅಚ್ಚುಕಟ್ಟಾಗಿ,
ಒಂದಕ್ಷರ ಸವೆಯದೆ.
ಒಂದು ಕಿಲೋಮೀಟರು ಅನ್ನುತ್ತಾಳೆ ಅಜ್ಜಿ, ಬೈಗುಳ ಸೇರಿ.
ಗಡ್ಡೆಗೆ ಅಂಟಿದ ಗಾಳಿ ಮೇಲಿನದಕ್ಕಿಂತ ತಣ್ಣಗೆ,
ತಣ್ಣಗಿನ ಗಾಳಿಯಲ್ಲಿ ಸದ್ದಿನ ಕಾಲು ಭಾರ;
ಬುಡ ಹಿಂದುಳಿದು, ತಲೆ ಮುಂದಾಗಿ,
ಆಕಾಶಕ್ಕೆ ಹೊರಟ ಮಾತೂ ಬಾಗಿ ನೆಲಕ್ಕಿಳಿಯುತ್ತದೆ.
ಇಂಥ ಬೆಳಿಗ್ಗೆ ಈ ಊರಲ್ಲಿ ಗುಟ್ಟು ಆಡುವವರಿಲ್ಲ.

ಮತ್ತೂ ಒಂದಿದೆ. ಗಾಳಿಗೆ ಪಂಕ್ತಿಭೇದವಿಲ್ಲ:
ತಾರವೂ ಮಂದ್ರವೂ ಒಂದೇ ನಡಿಗೆ.
ಇಲ್ಲದಿದ್ದರೆ ದೂರ ಕೂತವನಿಗೆ
ಕೊಳಲೆಲ್ಲ ಮೊದಲು, ನಗಾರಿಯೆಲ್ಲ ಆಮೇಲೆ,
ಕಚೇರಿ ಚೆಲ್ಲಾಪಿಲ್ಲಿ.
ಗಡ್ಡೆಯ ಹಾಳೆ ಹಾಗಲ್ಲ. ಅದು ಬಳುಕಿ ಸಾಗಿಸುತ್ತದೆ:
ಚೂಪು ಸ್ವರ ಮುಂದೋಡುತ್ತದೆ, ದಪ್ಪ ಸ್ವರ ಏದುತ್ತ ಹಿಂದೆ.
ಎಲ್ಲೋ ದೂರ ಒಂದೇ ಏಟಿಗೆ ಬಿರಿದದ್ದು
ಇಲ್ಲಿಗೆ ಬರುವಾಗ ಎಳೆ ಬಿಚ್ಚಿಕೊಂಡು, ಜಾರುತ್ತ,

‘ಬಂತು!’ ಅಂದಳು ಪಿಹ್ಲಾ.

ಓರ್ವೊಕ್ಕಿಗೆ ಏನೂ ಬಂದಿರಲಿಲ್ಲ.
ಬಿಳಿ ಬಯಲು, ಬಾಯಿಂದೆದ್ದ ಹಬೆ,
ಹುಡುಗಿಯ ಕೆಂಪು ಟೊಪ್ಪಿ ಆಗಲೇ ಆ ಕಡೆ ತಿರುಗಿತ್ತು.
ಆಮೇಲೆ ಬಂತು, ಯೂಂವ್ ಎಂದು, ಬರೀ ಬಾಲ.

ಲಿಯೆಕ್ಸಾದ ಗರಗಸದ ಕಾರ್ಖಾನೆ, ಮೂವತ್ತೊಂದು ವರ್ಷ.
ಕಿವಿಯೊಳಗಿನ ಶಂಖದಲ್ಲಿ ತಾರದ ಕೂದಲಿಗೆ
ಬಾಗಿಲಲ್ಲೇ ಜಾಗ, ಮಂದ್ರಕ್ಕೆ ಒಳಮನೆ.
ಎಲ್ಲರೂ ತುಳಿದು ಬರುವ ಹೊಸ್ತಿಲೇ ಮೊದಲು ಸವೆಯುವುದು.
ಇದನ್ನು ಹೇಳಿದ ಡಾಕ್ಟರು ಒಂದು ಗೆರೆಯ ಚಿತ್ರ ತೋರಿಸಿದ್ದ;
ಬಲಗಡೆ ಅದು ದಡದಂತೆ ಕುಸಿದಿತ್ತು.
ನೋಡಿದ್ದಳು, ಮಡಚಿ ಜೇಬಿಗಿಟ್ಟಿದ್ದಳು, ನಂಬಿರಲಿಲ್ಲ.

ಈಗ ಕಾಗದ ಬೇಕಿಲ್ಲ.
ಮಗುವಿನ ‘ಬಂತು’ವಿಗೂ ತನ್ನ ಕಿವಿಗೂ ನಡುವೆ
ಒಂದು ರೆಪ್ಪೆ ಬಡಿಯುವಷ್ಟು ಜಾಗ,
ಅದರೊಳಗೆ ಎಷ್ಟು ಬೆಳಿಗ್ಗೆಗಳು,
ಎಷ್ಟು ಹಕ್ಕಿಗಳ ಮೊದಲರ್ಧ.

ಅವಳೇನೂ ಹೇಳಲಿಲ್ಲ.
ಹಗ್ಗದ ಒಂದು ತುದಿ ಹುಡುಗಿಯ ಸೊಂಟಕ್ಕೆ, ಒಂದು ತನ್ನದಕ್ಕೆ,
ಗಂಟನ್ನು ಎರಡು ಸಲ ಎಳೆದು ನೋಡಿದಳು.
ಐವತ್ತು ಚಳಿಗಾಲ ಯಾರಿಗೂ ಕೊಡದ ಕೋಲು ಕೊಟ್ಟಳು.
‘ಕುಟ್ಟು.’
ಕುಟ್ಟಿದಳು. ಕೇಳಿದಳು. ಮೂಗು ಒರೆಸಿಕೊಂಡಳು.
‘ಗೊಣಗ್ತಿದೆ ಅಜ್ಜಿ.’
‘ಹಾಗಾದರೆ ಮುಂದೆ ನಡಿ.’

ಅಲಗುಗಳು ಗೀರುತ್ತ ಹೊರಟವು, ಸಣ್ಣ ಜೋಡಿಯ ಹಿಂದೆ ದೊಡ್ಡ ಜೋಡಿ.
ಬೆನ್ನ ಹಿಂದೆ ತೈಸ್ತೊ ಕೊಡಲಿ ಎತ್ತಿದ, ಇಳಿಸಿದ.
ತಿರುಗಿ ನೋಡಿದ ಓರ್ವೊಕ್ಕಿ ಎಣಿಸಿದಳು.
ಈಗ ನಾಲ್ಕು.