ಹೆಸರು ಕೂಗುವವನು

ಕೋಣೆ ಒಂದೇ, ಒಲೆ ಒಂದೇ, ಮಕ್ಕಳು ಹನ್ನೊಂದು.
ಕಣ್ಣೆತ್ತಿದರೆ ಯಾರಿದ್ದಾರೆ ಯಾರಿಲ್ಲ ಕಾಣುವಷ್ಟು ಜಾಗ.
ಆದರೂ ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದು
ಒಬ್ಬೊಬ್ಬರನ್ನೂ ಕೂಗುತ್ತಿದ್ದರು ಆರ್ಡಿತ್ ಟೊಲೆಫ್ಸನ್ ಟೀಚರ್.
'ಕಂಡರೆ ಸಾಲದು ರಸೆಲ್. ಕರೆಯಬೇಕು,
ನೀನು ಓಗೊಡಬೇಕು. ಆಗಲೇ ಬಂದಂತೆ.'

ಮೊಂಟಾನಾದ ಮೂಡಣ ಬಯಲು; ಗಾಳಿಗೆ ತಡೆಯೆಂದರೆ
ಮುಳ್ಳುತಂತಿಯ ಬೇಲಿ, ಆಮೇಲೆ ನಾವು.
ಹಿಮ ಬಿದ್ದೊಂದು ದಿನ ನನ್ನ ಒದ್ದೆ ಕಾಲುಚೀಲ
ಒಲೆಯ ಸರಳಿಗೆ ನೇತುಹಾಕಿ
ಭಾಗಾಕಾರ ಹೇಳಿಕೊಟ್ಟರು:
ಶೇಷ ಉಳಿದರೆ ಪಕ್ಕದಲ್ಲೇ ಬರೆ, ಒರೆಸಬೇಡ.

ಇಪ್ಪತ್ತಾರು ವರ್ಷ ಹೀಗೆ. ಆಮೇಲೆ ಛಾವಣಿ ಸೋರಿ,
ಬರೆದ ಕಾಗದಕ್ಕೆಲ್ಲ ಉತ್ತರ ಬಾರದೆ
ತಾವೇ ನಿಂತರು ಚುನಾವಣೆಗೆ.
ಅರ್ಧ ಮತದಾರರ ಅಕ್ಷರ ತಿದ್ದಿದ ಕೈ;
ಬಾಗಿಲು ತಟ್ಟಿದರೆ ದೊಡ್ಡ ದೊಡ್ಡ ರೈತರು
ಟೋಪಿ ತೆಗೆದು ಉಗುರು ಮುಚ್ಚಿಕೊಳ್ಳುತ್ತಿದ್ದರು.
ನಲವತ್ತೊಂದು ಮತದಿಂದ ಗೆದ್ದರು.

ಅಷ್ಟರಲ್ಲಿ ನಾನು ಹೆಲೆನಾದ ಶಾಸನಸಭೆಯಲ್ಲಿ ಗುಮಾಸ್ತ,
ಮಸೂದೆಗಳ ತಲೆಬರಹ ಓದುವವನು.
ಮೊದಲ ದಿನ 'ಟೈ ಗಂಟು ಓರೆ' ಅಂದರು, ಅಷ್ಟೇ;
ತಮ್ಮ ಆಸನ ಹುಡುಕುತ್ತ ಹೋದರು
ಹೊಸದಾಗಿ ಸೇರಿದ ಮಗುವಿನ ಹಾಗೆ.

ಎರಡು ವರ್ಷಕ್ಕೊಮ್ಮೆ ತೊಂಬತ್ತು ದಿನ. ನಾಲ್ಕು ಸಲ.
ದಕ್ಕಿದ್ದು: ಶಾಲಾ ಬಸ್ಸುಗಳಿಗೆ ಹಿಮದ ಟಯರು,
ಕಿವಿ ಕೇಳದ ಮಕ್ಕಳಿಗೆ ಊರೂರು ಸುತ್ತುವ ಒಬ್ಬ ಶಿಕ್ಷಕಿ,
ಒಂದು ಸೇತುವೆ, ಅದಕ್ಕೆ ಬೇರೆಯವನ ಹೆಸರು.
ಮಸೂದೆಯ ಅಲ್ಪವಿರಾಮ ಕೆಂಪು ಪೆನ್ನಿನಲ್ಲಿ ತಿದ್ದುವಾಗ
ಹಿಂದಿನ ಸಾಲು ನಗುತ್ತಿತ್ತು,
ಗಣಿಯ ತೆರಿಗೆಯನ್ನು ಅಂಥದೊಂದು ಅಲ್ಪವಿರಾಮ
ಹೆಚ್ಚುಕಡಿಮೆ ನುಂಗಿಬಿಟ್ಟಿತ್ತೆಂದು ತಿಳಿಯುವ ತನಕ.

ಕೊನೆಯ ವಾರ ಬಂತು ಆ ಮಸೂದೆ:
ಹದಿನೈದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ಬೀಗ,
ಉಳಿದ ಹಣ ಮಿಕ್ಕ ಶಾಲೆಗಳ ಶಿಕ್ಷಕರಿಗೆ.
ಮತಫಲಕದ ವಿದ್ಯುತ್ತು ಅಂದೇ ಕೈಕೊಟ್ಟಿತು;
ನೂರು ಹೆಸರು ನಾನೇ ಬಾಯಲ್ಲಿ ಕೂಗಬೇಕು.
ಟೊಲೆಫ್ಸನ್‌ಗೆ ಬರುವ ಹೊತ್ತಿಗೆ ಮಸೂದೆ ಗೆದ್ದಾಗಿತ್ತು.
ಅವರ ಮತ ಯಾರಿಗೂ ಬೇಕಿರಲಿಲ್ಲ.
'ಇಲ್ಲ' ಎಂದಿದ್ದರೆ ಏನೂ ಕೆಡುತ್ತಿರಲಿಲ್ಲ.

ಎದ್ದು ನಿಂತರು. ಅಲ್ಲಿ ಯಾರೂ ಎದ್ದು ಓಗೊಡುವುದಿಲ್ಲ.
'ಹೌದು.'

ಆ ವರ್ಷ ನಮ್ಮ ಶಾಲೆಯಲ್ಲಿದ್ದವರು ಏಳು ಮಕ್ಕಳು.

ಊರು ಬೈಯಲಿಲ್ಲ. ಅಂಚೆ ಕಚೇರಿಗೆ ಅವರು ಬಂದರೆ
ಮಾತು ಹವಾಮಾನದ ಕಡೆ ಹೊರಳುತ್ತಿತ್ತು.
ನಾನು ಮಾತ್ರ ತಡೆಯಲಾರದೆ ಕೇಳಿದೆ.
'ಲೆಕ್ಕ ಸರಿಯಿತ್ತು,' ಅಂದರು.
'ಮೂರು ಸಲ ಮಾಡಿ ನೋಡಿದೆ.'

ಹರಾಜಿನಲ್ಲಿ ಒಲೆ ಹೋಯಿತು, ಗಡಿಯಾರ ಹೋಯಿತು.
ಹಾಜರಿ ಪುಸ್ತಕಗಳಿಗೆ ಯಾರೂ ಬೆಲೆ ಕೂಗಲಿಲ್ಲ.

ಈಗ ಅವರೇ ಬಸ್ಸು ಓಡಿಸುತ್ತಾರೆ,
ಐವತ್ತು ಮೈಲಿ ಹೋಗಲು, ಐವತ್ತು ಬರಲು.
ಕೊನೆಯ ಮಗು ಹತ್ತಿದ ಮೇಲೆ, ಕತ್ತಲಿನ್ನೂ ಇರುವಾಗ,
ಗೇರಿನ ಮೇಲೆ ಕೈಯಿಟ್ಟುಕೊಂಡು ಏಳು ಹೆಸರು.
ಹಿಂದಿನ ಸೀಟಿನ ಹುಡುಗಿ ನಿದ್ದೆ ಹೋಗಿದ್ದಾಳೆ.
ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದಾಳೆ.
ಬಸ್ಸು ಹೊರಡುವುದಿಲ್ಲ.