ಇತರೆ

ಪುಟ ಹದಿನಾಲ್ಕು, ಕೆಳಗಿನಿಂದ ಮೂರನೇ ಸಾಲು.
ಇತರೆ, ಅಂತ ಇದೆ.
ಮುಂದೆ ಎರಡು ಲಕ್ಷ ಹನ್ನೊಂದು ಸಾವಿರ ರ‍್ಯಾಂಡ್.
ಪಕ್ಕದಲ್ಲಿ ಆಡಿಟರು ಹಸಿರು ಶಾಯಿಯಲ್ಲಿ ಗೀಟು ಹಾಕಿದ್ದಾರೆ,
ಎಲ್ಲ ಸರಿಯಿದೆ ಎಂದು ಅದರರ್ಥ.

ನಾನು ಪುಲೆಂಗ್. ವೆಲ್ಕಮ್ ಊರಿನ ಥಬೊಂಗ್ ಕೇರಿಯವಳು.
ಧೂಳು ಹೊಕ್ಕ ಎದೆಗಳ ಸಂಘಕ್ಕೆ
ಆರು ವರ್ಷದಿಂದ ಚಂದಾ ಎತ್ತುತ್ತೇನೆ.
ತಲೆಗೆ ಹತ್ತು ರ‍್ಯಾಂಡ್, ತಿಂಗಳ ಮೊದಲ ಶನಿವಾರ.
ಮುದುಕಿ ಮಮೋಕೆತೆ ಕರ್ಚೀಫಿನ ಗಂಟು ಬಿಚ್ಚುವಾಗ
ನಾನು ಬೇರೆಲ್ಲೋ ನೋಡುತ್ತೇನೆ,
ಅವಳ ಬೆರಳಿಗೆ ಹೊತ್ತು ಹಿಡಿಯುತ್ತದೆ.
ಒಮ್ಮೆ ಒಂಬತ್ತೇ ಇತ್ತು.
ಮರುದಿನ ಒಂದು ರ‍್ಯಾಂಡ್ ಮುಷ್ಟಿಯಲ್ಲಿ ಹಿಡಿದು
ಎರಡು ಮೈಲಿ ನಡೆದು ಬಂದಳು.
ರಸೀದಿ ಕೇಳಿದಳು.
ಕೊಟ್ಟೆ: ನಂಬರು ನಾಲ್ಕು ಸಾವಿರದ ಹದಿನೇಳು.

ಮೊಲೆಫಿ ಕಳ್ಳನಲ್ಲ, ಮೊದಲೇ ಹೇಳಿಬಿಡುತ್ತೇನೆ.
ಗಣಿಯ ಗೇಟಿನೆದುರು ಚಳಿಯಲ್ಲಿ ಮೂರು ರಾತ್ರಿ ಮಲಗಿದವನು;
ಪೊಲೀಸರ ಬಾಂಬು ಪಕ್ಕದಲ್ಲೇ ಸಿಡಿದು
ಎಡಗಿವಿ ಈಗಲೂ ಮಂದ.
ನನ್ನಪ್ಪನನ್ನು ಲೆಸೊಥೊದ ಬೆಟ್ಟಕ್ಕೆ ಮರಳಿ ಒಯ್ಯುವಾಗ
ಗಾಡಿಯ ಬಾಡಿಗೆ ತನ್ನ ಜೇಬಿನಿಂದ ಕೊಟ್ಟು
ದಾರಿಯುದ್ದಕ್ಕೂ ಹಿಂದೆ ಕೂತು
ಪೆಟ್ಟಿಗೆ ಅಲುಗದಂತೆ ಕೈಯಿಟ್ಟಿದ್ದವನು.

ಆ ಕೈಯನ್ನೇ ನಾನೀಗ ಲೆಕ್ಕ ಕೇಳಬೇಕು.

ರಸೀದಿಗಳ ಕಟ್ಟಿನಲ್ಲಿ ಒಂದು ತೆಳ್ಳನೆಯ ಚೀಟಿ.
ಹೋಟೆಲು, ಜಿನೀವಾ.
ಕೋಟಿನ ಡ್ರೈಕ್ಲೀನಿಂಗ್: ಎಂಟು ನೂರು.
ಎಂಟು ನೂರೆಂದರೆ ಎಂಬತ್ತು ತಿಂಗಳ ಮಮೋಕೆತೆ.
ಆರು ವರ್ಷ ಎಂಟು ತಿಂಗಳು
ಅವಳು ಗಂಟು ಬಿಚ್ಚಿದ್ದು
ಒಂದು ಕೋಟಿನ ಧೂಳು ತೆಗೆಯಲಿಕ್ಕೆ.
ಅಂದಿನಿಂದ ನನಗೊಂದು ಕಾಯಿಲೆ,
ಏನು ಕಂಡರೂ ಅವಳಿಂದ ಭಾಗಿಸುತ್ತೇನೆ.
ವೇದಿಕೆಯ ಬ್ಯಾನರು ಹದಿನಾಲ್ಕು ತಿಂಗಳು
(ಬ್ಯಾನರಿನಲ್ಲಿ ಕೆಮ್ಮುತ್ತಿರುವವಳೂ ಅವಳೇ,
ಆ ಚಿತ್ರ ನೋಡಿ ನಾರ್ವೆಯ ಇಗರ್ಜಿಯೊಂದರ ಮಕ್ಕಳು
ಕೇಕು ಮಾರಿ ದುಡ್ಡು ಕಳಿಸಿದ್ದರು).
ಸಭೆಯ ನೀರಿನ ಬಾಟಲಿ ಒಂದಕ್ಕೆ
ಅವಳ ಮೂರು ವಾರ.

ಎದ್ದು ನಿಂತೆ. ಮೊಣಕಾಲು ನಡುಗಿತು, ಆದರೂ ಕೇಳಿದೆ.
ಇತರೆ ಅಂದರೆ ಯಾರು, ಎಂದುಬಿಟ್ಟೆ.
ಏನು, ಎಂದು ಕೇಳಬೇಕಿತ್ತು.
ನಕ್ಕರು.
ಮೊಲೆಫಿ ನಗಲಿಲ್ಲ. ಬಲಗಿವಿ ನನ್ನತ್ತ ತಿರುಗಿಸಿದ.
ದೊಡ್ಡವರನ್ನು ಬಗ್ಗಿಸಬೇಕಾದರೆ, ಪುಲೆಂಗ್,
ದೊಡ್ಡವರ ಮೇಜಿಗೇ ಹೋಗಬೇಕು,
ಆ ಮೇಜಿಗೆ ಹರಕು ಕೋಟಿನವರನ್ನು ಬಿಡುವುದಿಲ್ಲ.
ನಿಜ.
ಸುಳ್ಳಾಗಿದ್ದರೆ ಎಷ್ಟು ಸುಲಭವಿತ್ತು.
ಹಿಂದಿನ ಸಾಲಿನಿಂದ ಯಾರೋ ಅಂದರು:
ಮನೆಯ ಮಾತು ಬೀದಿಗೆ ತಂದರೆ
ಗಣಿಯವರ ಕೈಗೆ ಕೋಲು ಕೊಟ್ಟಂತೆ.
ಅದೂ ನಿಜವೇ ಇರಬಹುದು.
ಆದರೆ ಗಣಿಯವರೂ ಹೀಗೇ ಹೇಳುತ್ತಿದ್ದರು ಅಪ್ಪನಿಗೆ:
ಕೆಮ್ಮು ಒಳಗೇ ಇಟ್ಟುಕೋ.

ನನ್ನದೂ ಇದೆ ಆ ಸಾಲಿನಲ್ಲಿ.
ವಾರದ ಬಸ್ ಚಾರ್ಜು ನಲವತ್ತು.
ಆಗಸ್ಟಿನಲ್ಲಿ ಎರಡು ಸಲ ನಡೆದೇ ಹೋಗಿ
ಬಸ್ಸೆಂದು ಬರೆದೆ.
ಮಗುವಿಗೆ ಶೂ ಬೇಕಿತ್ತು.
ಇದನ್ನು ಸಭೆಯಲ್ಲಿ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಅಷ್ಟರಲ್ಲಿ ಮಮೋಕೆತೆಗೆ ಕೆಮ್ಮು ಬಂತು.
ಬ್ಯಾನರಿನದಲ್ಲ, ಕುರ್ಚಿಯ ಮೇಲಿನ ಮಮೋಕೆತೆಗೆ.
ಗಂಡನ ಅಂಗಿ ನಲವತ್ತು ವರ್ಷ ಒಗೆದ ಕೆಮ್ಮು.
ಮುಗಿಯುವವರೆಗೆ ಎಲ್ಲರೂ ಕಾದೆವು,
ಮೊಲೆಫಿಯೂ ಕಾದ, ಮೈಕು ಕೆಳಗಿಳಿಸಿ.
ಕಿಟಕಿಯಾಚೆ ಗಣಿನೀರಿನ ಹೊಂಡದಲ್ಲಿ
ಗುಲಾಬಿ ಫ್ಲೆಮಿಂಗೋಗಳು
ಒಂಟಿಕಾಲಿನಲ್ಲಿ ನಿಂತಿದ್ದವು.
ಸಭೆ ಮುಂದಕ್ಕೆ ಹೋಯಿತು.

ಮೊದಲ ಶನಿವಾರ ಅವಳು ಬಂದಳು.
ಗಂಟು ಬಿಚ್ಚಿದಳು. ಹತ್ತು.
ಈ ಸಲ ನಾನು ಬೇರೆಲ್ಲೂ ನೋಡಲಿಲ್ಲ.
ಹೆಸರು ಬರೆದೆ, ತಾರೀಖು ಬರೆದೆ,
ಬಾಬ್ತು ಎಂಬ ಖಾನೆಗೆ ಬಂದು ಪೆನ್ನು ನಿಂತಿತು.
ಬರಿ, ಎಂದಳು.
ಒಂದಕ್ಷರ ಓದಲು ಬಾರದವಳು
ರಸೀದಿ ಪುಸ್ತಕವನ್ನು
ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡಳು.