ಎಫ್-ಹದಿನೇಳು

ಕಂಬದ ಮೇಲೆ ಕ್ಲಿಕ್ಕಿಸಿದರೆ
ಅದರ ಕಾಲಡಿಗೆ ತಾನಾಗಿ ಒಂದು ಪಾಯ ಬಂದು ಕೂರುತ್ತದೆ,
ಬೂದುಬಣ್ಣದ್ದು, ಕರೆಯದೆ ಬಂದ ನೆಂಟನ ಹಾಗೆ.
ಎರಡು ಮೀಟರು ಉದ್ದ, ಎರಡು ಅಗಲ,
ದಪ್ಪ ಆರುನೂರು ಮಿಲಿಮೀಟರು.
ಆರುನೂರು ಅಂತ ಹೇಳಿದ್ದು ಯಾರು? ಯಾರೂ ಅಲ್ಲ.
ಕೇಳದಿದ್ದರೆ ಎಲ್ಲಕ್ಕೂ ಆರುನೂರೇ.

ಕೇಳುವುದು ನನ್ನ ಕೆಲಸ.
ಹೂಟಗಳ್ಳಿಯ ಊದುಬತ್ತಿ ಗೋಡೌನಿನ ಮೇಲಿನ ಮಹಡಿಯಲ್ಲಿ ಕೂತು
ಮಂಡ್ಯದಾಚೆ ನಾಲೆ ಬಯಲಲ್ಲಿ ಏಳಲಿರುವ ಎಥನಾಲ್ ಫ್ಯಾಕ್ಟರಿಯ
ಒಂದೊಂದು ಕಂಬವನ್ನೂ ವಿಚಾರಿಸುತ್ತೇನೆ:
ಎಷ್ಟು ಆಳ ನಿನಗೆ? ಎಷ್ಟು ಭಾರ?
ಕಾಂಕ್ರೀಟು ಯಾವ ದರ್ಜೆ?
ಕಂಬ ಸುಮ್ಮನಿರುತ್ತದೆ, ಉತ್ತರ ಮಣ್ಣಿನ ವರದಿಯಲ್ಲಿರುತ್ತದೆ.
ಸಂಜೆಯ ಹೊತ್ತಿಗೆ ಕೀಬೋರ್ಡಿಗೂ ಗಂಧದ ವಾಸನೆ.

ನೆಲ ಎನ್ನುವುದು ಇಲ್ಲಿ ಒಂದು ಸಂಖ್ಯೆ, ಸೊನ್ನೆ.
ಅಲ್ಲಿ ಕಬ್ಬಿನ ಕೂಳೆ, ಏಡಿಯ ಬಿಲ, ನಾಲೆ ಬಿಟ್ಟ ದಿನ ಜಿನುಗುವ ಬದು;
ಇಲ್ಲಿ ಚಪ್ಪಟೆ ಹಾಳೆ.
ಸೊನ್ನೆಯಿಂದ ಕೆಳಗಿರುವುದೆಲ್ಲ ಋಣ.
ಋಣ ಒಂದೂವರೆ, ಋಣ ಎರಡು.

ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ತೋರಿಸುತ್ತೇನೆ:
ಪಾಯವನ್ನು ಆರಿಸಿ, ಡಿಲೀಟ್ ಒತ್ತಿ.
ನೋಡಿ, ಕಂಬ ಬೀಳಲಿಲ್ಲ.
ಪೈಪು, ಏಣಿ, ಇಪ್ಪತ್ತು ಟನ್ನಿನ ತೊಟ್ಟಿ
ಎಲ್ಲ ನಿಂತಲ್ಲೇ ನಿಂತಿವೆ.
ಇಲ್ಲಿ ಯಾವುದಕ್ಕೂ ತೂಕವಿಲ್ಲ.
ಅದಕ್ಕೇ ಹುಷಾರಾಗಿರಬೇಕು.

ಬುಧವಾರ ಸೈಟಿನಿಂದ ಮೇಸ್ತ್ರಿ ಬೋರಲಿಂಗಯ್ಯನ ಫೋನು.
"ಮೇಡಮ್ಮೋರೆ, ನಿಮ್ಮ ಹದಿನೇಳನೇ ಗುಂಡಿ
ತಳಾನೇ ಕೊಡ್ತಿಲ್ಲ. ಹಾರೆ ಹಾಕುದ್ರೆ ಒಳಕ್ಕೇ ಹೋಯ್ತದೆ."
ಗಟ್ಟಿ ಸಿಗುವವರೆಗೆ ತೆಗೆಯಿರಿ ಅಂದೆ.
"ಗಟ್ಟಿ ಅದೆ. ಸುತ್ಲೂ ಅದೆ, ದುಂಡಗೆ.
ನಡುಮಧ್ಯಕ್ಕೆ ಮಾತ್ರ ಇಲ್ಲ."

ಫೋಟೊ ಬಂತು.
ಕೆಸರಲ್ಲಿ ಕಲ್ಲಿನ ಬಳೆ, ಅರ್ಧ ಕಾಣುವುದು ಅರ್ಧ ಊಹಿಸುವುದು.
ಒಂದು ಕಲ್ಲಿನ ಅಂಚಿಗೆ
ಹಗ್ಗ ಉಜ್ಜಿ ಉಜ್ಜಿ ಬಿದ್ದ ನಾಲ್ಕು ಗೀರು.
ಮಣ್ಣು ನೋಡಲು ಕೊರೆದ ಏಳು ತೂತಿಗೂ ತಪ್ಪಿಸಿಕೊಂಡು
ಒಂದು ಬಾವಿ ಮಲಗಿತ್ತು.

ಡಿಕ್ಕಿ ಪರೀಕ್ಷೆ ಓಡಿಸಿದೆ.
ಪೈಪಿಗೆ ಪಾಯ ಬೆರಳಷ್ಟು ತಾಗಿದರೂ
ಕೆಂಪಗೆ ಕೂಗಿಕೊಳ್ಳುವ ಪರದೆ
ಹಸಿರಾಗಿಯೇ ಇತ್ತು.
ನಾವು ಬರೆಯದ್ದು ನಮಗೆ ಅಡ್ಡ ಬರುವುದಿಲ್ಲ.

ಕಂಬ ಕದಲಿಸುವಂತಿಲ್ಲ, ಅದರ ತಲೆಯ ಮೇಲೆ ಆವಿಯ ಪೈಪು.
ಲೆಕ್ಕದ ಚೆಂಗಪ್ಪ ಸರ್ ರಾತ್ರಿಯೆಲ್ಲ ಕೂತು
ಬಾವಿಯ ಬಾಯಿ ದಾಟಿ ಎರಡೂ ದಡಕ್ಕೆ ಕೈ ಊರುವ
ಹೊಸ ಪಾಯ ಕಳಿಸಿದರು. ತುಂಬಿದೆ:
ಉದ್ದ ಏಳು ಸಾವಿರದ ಇನ್ನೂರು,
ಅಗಲ ಎರಡು ಸಾವಿರದ ನಾನೂರು,
ದಪ್ಪ ಸಾವಿರದ ನೂರು,
ತಳಮಟ್ಟ, ಋಣ ಎರಡು ಮುಕ್ಕಾಲು.
ಆ ಪದದ ಮೇಲೆ ಕರ್ಸರು ಸ್ವಲ್ಪ ಹೊತ್ತು ಮಿಟುಕಿತು.

ಬೋರಲಿಂಗಯ್ಯ ಮಾತಿನ ನಡುವೆ ಅಂದಿದ್ದ:
ಹುಲ್ಲು ಕೊಯ್ಯಲು ಬಂದವಳೊಬ್ಬಳು ಗುಂಡಿಗೆ ಇಣುಕಿ
"ಈ ನೀರಲ್ಲಿ ತೊಗರಿಬೇಳೆ ಒಂದೇ ಕುದಿಗೆ ಬೇಯ್ತಿತ್ತು" ಅಂದಳಂತೆ,
ಹೊರೆ ಎತ್ತಿಕೊಂಡು ಹೋದಳಂತೆ.
ವರದಿಯಲ್ಲಿ ನೀರಿಗೆ ಮೂರು ಪುಟ ಇದೆ,
ಕ್ಲೋರೈಡು, ಸಲ್ಫೇಟು, ಮಟ್ಟ.
ಬೇಳೆಗೆ ಕಾಲಂ ಇಲ್ಲ.

ಪಟ್ಟಿಯ ಕೊನೆಗೆ ಷರಾ ಎಂದು ಒಂದು ಖಾನೆ.
ನಲವತ್ತು ಅಕ್ಷರ ಹಿಡಿಸುತ್ತದೆ,
ಯಾವ ನಕ್ಷೆಯಲ್ಲೂ ಅಚ್ಚಾಗುವುದಿಲ್ಲ.
ಅಲ್ಲಿ ಟೈಪಿಸಿದೆ: ಇಲ್ಲಿ ಸಿಹಿನೀರಿನ ಬಾವಿ ಇತ್ತು.

ಸಾಫ್ಟ್‌ವೇರಿಗೆ ಕನ್ನಡ ಬಾರದು.
ಒಂದೊಂದು ಅಕ್ಷರವೂ ಒಂದೊಂದು ಖಾಲಿ ಚೌಕವಾಗಿ
ಸಾಲಾಗಿ ಕೂತವು,
ಇನ್ನೂ ಯಾರೂ ಕಂಬ ನಿಲ್ಲಿಸದ
ಪಾಯಗಳನ್ನು ಮೇಲಿನಿಂದ ನೋಡಿದ ಹಾಗೆ.

ಅಳಿಸಲಿಲ್ಲ.
ಹದಿನೆಂಟಕ್ಕೆ ಹೋದೆ.
ಅದು ಇನ್ನೂ ಆರುನೂರೇ ಅನ್ನುತ್ತಿತ್ತು.